ಕಷಾಯ, ಜೋಷಾಂದಾ: ನೆಗಡಿ ಮದ್ದಿನ ಹಳೆಯ ದಾರಿ

ಮಾಲೂರು ತಾಲ್ಲೂಕಿನ ಟೇಕಲ್ ಬಂಡೆಗಳ ಊರು. ಮಾಗಿಯ ಚಳಿ ಬಂತೆಂದರೆ ಇಲ್ಲಿ ಮೂಗು ಸೋರದ ಮನೆಯೇ ಅಪರೂಪ. ನಮ್ಮ ಸೀಮೆಯಲ್ಲಿ ಒಂದು ಮನೆಯ ಒಲೆಯ ಮೇಲೆ ಮೆಣಸು, ಶುಂಠಿ, ಬೆಲ್ಲದ ಕಷಾಯ ಕುದಿಯುತ್ತಿದ್ದರೆ, ಪಕ್ಕದ ಮನೆಯಲ್ಲಿ ಜೋಷಾಂದಾ ಕುದಿಯುತ್ತಿರುತ್ತದೆ. ಒಂದು ಅವರದು, ಇನ್ನೊಂದು ಇವರದು ಎಂದು ನಾವು ಎಣಿಸುತ್ತೇವೆ. ಓದುಗರೇ, ಈ ಎಣಿಕೆ ಎಷ್ಟು ಸರಿ ಎಂಬುದನ್ನು ಸ್ವಲ್ಪ ನೋಡೋಣ.

‘ಜೋಷಾಂದಾ’ ಪಾರಸಿ ಮಾತು, ಕುದಿಸಿದ್ದು ಎಂದರ್ಥ. ಅಂದರೆ ಕಷಾಯವೇ! ‘ಯೂನಾನಿ’ ಎಂದರೆ ಗ್ರೀಕರದು. ಗ್ರೀಕ್ ವೈದ್ಯ ಗ್ಯಾಲನ್‌ನ ಗ್ರಂಥಗಳನ್ನು 9ನೇ ಶತಮಾನದಲ್ಲಿ ಬಾಗ್ದಾದ್‌ನಲ್ಲಿ ಅರಬ್ಬಿ ಭಾಷೆಗೆ ತಂದವರಲ್ಲಿ ಪ್ರಮುಖ ಹುನೈನ್ ಇಬ್ನ್ ಇಸ್‌ಹಾಕ್. ಆತ ಕ್ರೈಸ್ತ ವಿದ್ವಾಂಸ. ಆ ಗ್ಯಾಲನ್‌ನ ಮದ್ದುಗಳಲ್ಲಿ ಆಗಲೇ ಮೆಣಸು ಇತ್ತು. ಮೆಣಸು ಹೋದದ್ದು ಎಲ್ಲಿಂದ? ನಮ್ಮ ಪಡುವಣ ಘಟ್ಟಗಳ ಕಡೆಯಿಂದ. ಹೋದ ಮೆಣಸು ಶತಮಾನಗಳ ಬಳಿಕ ಯೂನಾನಿ ಹಕೀಮರ ಕೈಯಲ್ಲಿ ಮತ್ತೆ ಇಲ್ಲಿಗೇ ಬಂತು.

ನೆಗಡಿಯ ಬಗ್ಗೆ ಅಂದಿನವರು ಬರೆದದ್ದು ಇಂದಿಗೂ ಬೆರಗು ಹುಟ್ಟಿಸುತ್ತದೆ. ಅಬೂ ಜೈದ್ ಬಲ್ಖಿ ಎಂಬ ವಿದ್ವಾಂಸರಿಗೆ ವಸಂತದಲ್ಲಿ ಗುಲಾಬಿಯ ವಾಸನೆ ತಗುಲಿದರೆ ಸಾಕು, ನೆಗಡಿ. ಇದೇಕೆ ಹೀಗೆ ಎಂದು ಅಲ್ ರಾಜಿ (ಸುಮಾರು 854–925) ಒಂದು ಪ್ರತ್ಯೇಕ ಪ್ರಬಂಧವನ್ನೇ ಬರೆದರು. ಇಂದು ನಾವು ಅಲರ್ಜಿ ಎನ್ನುತ್ತೇವಲ್ಲ, ಅದರ ಅತಿ ಹಳೆಯ ವಿವರಣೆಗಳಲ್ಲಿ ಇದೂ ಒಂದು. ಇಬ್ನ್ ಸೀನಾ (980–1037) ‘ಅಲ್ ಕಾನೂನ್’ ಗ್ರಂಥದಲ್ಲಿ ಮೂಗಿನಿಂದ ಸೋರುವುದನ್ನು ಜುಕಾಮ್, ಗಂಟಲು ಎದೆಯ ಕಡೆಗೆ ಇಳಿಯುವುದನ್ನು ನಜ್ಲಾ ಎಂದು ಬೇರೆ ಮಾಡಿ ಹೇಳಿದರು. ಮನೆಗಳಲ್ಲಿ ಹಿರಿಯರು ‘ನಜ್ಲಾ ಜುಕಾಮ್’ ಎಂದು ಒಟ್ಟಿಗೆ ಗೊಣಗುವುದು ಆ ಪದಗಳನ್ನೇ.

ಇನ್ನು ಪೊಟ್ಟಣ ಬಿಚ್ಚಿ ನೋಡಿ. ಬನಫ್ಷಾ ಹಿಮಾಲಯದ ಕಡೆಯ ಹೂವು. ಮುಲೇಠಿ ಎಂದರೆ ನಮ್ಮ ಅತಿಮಧುರ. ಉನ್ನಾಬ್ ಎಂಬುದು ಯಲಚಿ ಹಣ್ಣಿನ ಬಂಧು. ಸಪಿಸ್ತಾನ್ ಎಂದರೆ ಯಾವುದೋ ದೂರದೇಶದ ವಸ್ತು ಎನಿಸಬಹುದು. ಅದು ಚಳ್ಳೆ ಹಣ್ಣು! ಹುಡುಗರು ಅದರ ಅಂಟಿನಿಂದ ಕಾಗದ ಅಂಟಿಸುತ್ತಿದ್ದರು. ಆ ಅಂಟೇ ಕೆರೆಯುವ ಗಂಟಲಿಗೆ ಹಿತ.

ಜಿಲ್ಲೆಯ ತುಂಬ ಬೆಳೆದ ನೀಲಗಿರಿಯೂ ಹೊರಗಿನದೇ. ಆಸ್ಟ್ರೇಲಿಯದ ಈ ಮರವನ್ನು ಸುಮಾರು 1790ರಲ್ಲಿ, ಟಿಪ್ಪು ಸುಲ್ತಾನರ ಕಾಲದಲ್ಲಿ, ನಂದಿಬೆಟ್ಟದಲ್ಲಿ ನೆಟ್ಟರೆಂದು ಹೇಳುತ್ತಾರೆ. ಅಂತರ್ಜಲದ ಚಿಂತೆಯಿಂದ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಅದು ಬೇರೆ ಕಥೆ.

ಹಾಗಾದರೆ ಇವು ನೆಗಡಿಯನ್ನು ವಾಸಿ ಮಾಡುತ್ತವೆಯೇ? ಇಲ್ಲ. ಹಕೀಮರು ಬಲ್ಗಮ್ ಹೆಚ್ಚಿತು ಎಂದರು, ವೈದ್ಯರು ಕಫ ಎಂದರು. ನಿಜವಾದ ಕಾರಣ ವೈರಸ್. ಮುಖ್ಯವಾದ ರೈನೋವೈರಸ್ ಪತ್ತೆಯಾದದ್ದು 1950ರ ದಶಕದಲ್ಲಿ. ಅದರಲ್ಲೇ ನೂರಕ್ಕೂ ಹೆಚ್ಚು ಬಗೆಗಳಿವೆ. ಇಂಗ್ಲೆಂಡಿನ ಸ್ಯಾಲಿಸ್‌ಬರಿಯಲ್ಲಿ 1946ರಿಂದ ನಾಲ್ಕು ದಶಕಗಳ ಕಾಲ ನೆಗಡಿಗೆಂದೇ ಒಂದು ಸಂಶೋಧನಾ ಕೇಂದ್ರ ನಡೆಯಿತು. ವಾಸಿ ಮಾಡುವ ಮದ್ದು ಅಲ್ಲೂ ಸಿಗಲಿಲ್ಲ. ಬಿಸಿ ಪಾನೀಯ ಗಂಟಲಿಗೆ ಹಿತ ಕೊಡುತ್ತದೆ, ಜೇನು ಕೆಮ್ಮನ್ನು ತಗ್ಗಿಸುತ್ತದೆ. ಉಳಿದ ಕೆಲಸ ದೇಹದ್ದು, ಅದಕ್ಕೆ ವಾರ ಹತ್ತು ದಿನ ಬೇಕು.

ಆದ್ದರಿಂದ ಔಷಧದ ಅಂಗಡಿಯಲ್ಲಿ ಕೇಳಿ ಆಂಟಿಬಯಾಟಿಕ್ ಮಾತ್ರೆ ನುಂಗಬೇಡಿ. ಅದು ವೈರಸ್ಸನ್ನು ಮುಟ್ಟುವುದಿಲ್ಲ. ಮುಂದೆ ನಿಜಕ್ಕೂ ಬೇಕಾದಾಗ ಕೆಲಸ ಮಾಡದೆ ಹೋಗಬಹುದು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು. ಕುದಿಯುವ ನೀರಿನ ಪಾತ್ರೆಯ ಮೇಲೆ ಮಕ್ಕಳನ್ನು ಬಗ್ಗಿಸಿ ಹಬೆ ಕೊಡಿಸುವಾಗ ಸುಟ್ಟುಕೊಂಡವರು ಬಹಳ. ರಕ್ತದೊತ್ತಡ ಇರುವವರು ಅತಿಮಧುರ ಸೇರಿದ ಜೋಷಾಂದಾವನ್ನು ದಿನಗಟ್ಟಲೆ ಕುಡಿಯದಿರುವುದು ಲೇಸು. ಉಸಿರು ಏದುತ್ತಿದ್ದರೆ, ಜ್ವರ ಮೂರು ದಿನ ದಾಟಿದರೆ, ಕೂಸು ಹಾಲು ಬಿಟ್ಟರೆ, ಪಾತ್ರೆ ಒಲೆಯಿಂದ ಇಳಿಸಿ ಅಂದೇ ಆಸ್ಪತ್ರೆಗೆ ಹೊರಡಿ.