ನುಡಿ ಹೋಯಿತು, ಅಕ್ಷರ ಉಳಿಯಿತು

ಪೋಲೆಂಡಿನ ಈಶಾನ್ಯ ಮೂಲೆಯಲ್ಲಿ, ಬೆಲಾರೂಸ್ ಗಡಿಯ ಹತ್ತಿರ, ಕಾಡು ಹೊಲಗಳ ನಡುವೆ ಕ್ರುಶಿನ್ಯಾನಿ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ಹಸಿರು ಬಣ್ಣದ ಮರದ ಕಟ್ಟಡ, ಎರಡು ಗೋಪುರ ನೋಡಿದರೆ ಚರ್ಚು ಅನ್ನಿಸುತ್ತದೆ. ಅದು ಮಸೀದಿ.

1679ರಲ್ಲಿ ದೊರೆ ಮೂರನೆಯ ಯಾನ್ ಸೊಬಿಯೆಸ್ಕಿ ತನ್ನ ಸೇನೆಯ ತಾತಾರ್ ಸವಾರರಿಗೆ ಬಾಕಿ ಸಂಬಳದ ಬದಲು ಇಲ್ಲಿ ಜಮೀನು ಕೊಟ್ಟ. 1683ರ ವಿಯೆನ್ನಾ ಕಾಳಗದಲ್ಲಿ ಈ ಸಮುದಾಯದ ಸವಾರರು ಆಟೊಮನ್ನರ ವಿರುದ್ಧ ಅವನ ಪರವಾಗಿ ಹೋರಾಡಿದರು. ಎದುರಾಳಿಯ ಧರ್ಮ ತಮ್ಮದೇ ಆದರೂ ಉಪ್ಪಿನ ಋಣ ಇತ್ತ ಕಡೆಯದು.

ಲಿಥುವೇನಿಯಾದ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಇವರ ತುರ್ಕಿಕ್ ನುಡಿ ಅಷ್ಟರಲ್ಲಾಗಲೇ ಮರೆತುಹೋಗಿತ್ತು. ಮನೆಮಾತು ನೆರೆಯವರದೇ ಆಗಿತ್ತು. ಆದರೆ ಲಿಪಿಯನ್ನು ಬಿಡಲಿಲ್ಲ. ‘ಕಿತಾಬ್’ ಎಂಬ ಅವರ ಕೈಬರಹದ ಪುಸ್ತಕಗಳಲ್ಲಿ ಮಾತು ಬೆಲಾರೂಸಿ, ಪೋಲಿಷ್, ಅಕ್ಷರ ಅರಬ್ಬಿ. ಅರಬ್ಬಿಯಲ್ಲಿಲ್ಲದ ಸ್ಲಾವಿಕ್ ಧ್ವನಿಗಳಿಗೆ ಹೊಸ ಅಕ್ಷರಗಳನ್ನೂ ಮಾಡಿಕೊಂಡರು.

ಊರ ಸ್ಮಶಾನದ ಕಲ್ಲುಗಳ ಮೇಲೆ ಅರಬ್ಬಿ, ರಷ್ಯನ್, ಪೋಲಿಷ್ ಮೂರೂ ಇವೆ. ಆಳುವವರು ಬದಲಾದಂತೆ ಕಲ್ಲಿನ ಭಾಷೆಯೂ ಬದಲಾಯಿತು. ಇಂದು ಊರಲ್ಲಿ ತಾತಾರರ ಮನೆಗಳು ಬೆರಳೆಣಿಕೆಯಷ್ಟು. ಅವರು ಪೋಲಿಷ್ ಆಡುತ್ತಾರೆ, ತಮ್ಮನ್ನು ತಾತಾರರೆಂದೇ ಕರೆದುಕೊಳ್ಳುತ್ತಾರೆ. ಭಾಷೆ ಹೋದರೆ ಜನವೇ ಹೋಯಿತು ಎನ್ನುವ ಮಾತನ್ನು ಈ ಹಳ್ಳಿ ಮುನ್ನೂರು ವರ್ಷಗಳಿಂದ ಒಪ್ಪಿಲ್ಲ.