ಮಂಗಾಪ್ವಾನಿ: ಕಡಲ ತಡಿಯ ಗುಹೆ, ಕತ್ತಲೆಯ ಇತಿಹಾಸ

ಬಿಳಿ ಮರಳಿನ ಕಿನಾರೆ, ತೆಂಗಿನ ತೋಪು, ಎದುರಿಗೆ ತಿಳಿನೀಲಿಯ ಹಿಂದೂ ಮಹಾಸಾಗರ. ಪೂರ್ವ ಆಫ್ರಿಕದ ತಾಂಜಾನಿಯಾಕ್ಕೆ ಸೇರಿದ ಜಾಂಜಿಬಾರ್ ದ್ವೀಪದ ಮಂಗಾಪ್ವಾನಿ ಗ್ರಾಮ ಮೊದಲ ನೋಟಕ್ಕೆ ಕಾಣುವುದು ಹೀಗೆ. ಸ್ವಾಹಿಲಿ ಭಾಷೆಯಲ್ಲಿ ಈ ಹೆಸರಿಗೆ 'ಅರಬರ ತೀರ' ಎಂದರ್ಥ. ಆದರೆ ಪ್ರವಾಸಿಗರನ್ನು ಇಲ್ಲಿಗೆ ಸೆಳೆಯುವುದು ನೆಲದಡಿಯಲ್ಲಿರುವ ಎರಡು ತಾಣಗಳು. ಒಂದು ನಿಸರ್ಗ ರೂಪಿಸಿದ ಗುಹೆ, ಇನ್ನೊಂದು ಮನುಷ್ಯ ಕೊರೆದ ಸೆರೆಮನೆ. ಎರಡನ್ನೂ 'ಗುಲಾಮರ ಗುಹೆ' ಎಂದೇ ಕರೆಯುವ ರೂಢಿಯಿದೆ. ಇವುಗಳ ನಡುವಣ ವ್ಯತ್ಯಾಸ ತಿಳಿದು ನೋಡಿದರೆ ಮಾತ್ರ ಈ ಸ್ಥಳದ ಇತಿಹಾಸ ಅರ್ಥವಾಗುತ್ತದೆ.

ನಿಸರ್ಗದ ಕೊಡುಗೆ

ಮೊದಲನೆಯದು ಹವಳದ ಸುಣ್ಣಕಲ್ಲಿನಲ್ಲಿ ತಾನಾಗಿ ಮೂಡಿದ ಗುಹೆ. ಮೆಟ್ಟಿಲಿಳಿದರೆ ತಳದಲ್ಲಿ ಸಿಹಿನೀರಿನ ಕೊಳ. ಉಪ್ಪು ಸಮುದ್ರದ ಮಗ್ಗುಲಲ್ಲೇ ಕುಡಿಯುವ ನೀರು ದೊರೆಯುವುದು ಇಲ್ಲಿನ ವಿಶೇಷ. ಕಳೆದುಹೋದ ಮೇಕೆಯನ್ನು ಹುಡುಕಿ ಹೊರಟ ಗುಲಾಮ ಬಾಲಕನೊಬ್ಬ ಅದರ ಕೂಗನ್ನು ಅನುಸರಿಸಿ ಬಂದು ಈ ಗುಹೆಯನ್ನು ಕಂಡನೆಂಬುದು ಸ್ಥಳೀಯರ ಐತಿಹ್ಯ. ಮುಂದೆ ಇಲ್ಲಿಯೂ ಗುಲಾಮರನ್ನು ಬಚ್ಚಿಡಲಾಗುತ್ತಿತ್ತೆಂಬ ಮಾತಿದೆ.

ಮನುಷ್ಯನ ಕೃತ್ಯ

ಎರಡನೆಯ ತಾಣ ಅಲ್ಲಿಂದ ತುಸು ಉತ್ತರಕ್ಕಿದೆ. ಹವಳದ ಬಂಡೆಯನ್ನು ಆಯತಾಕಾರದಲ್ಲಿ ಕೊರೆದು ಮಾಡಿದ ಎರಡು ಕೋಣೆಗಳು, ಮೇಲೊಂದು ಚಾವಣಿ, ಕಡಲಿನತ್ತ ಸಾಗುವ ಕಿರುದಾರಿ. ಒಳಗೆ ಗಾಳಿ, ಬೆಳಕು ಎರಡೂ ಅಪರೂಪ.

ಹತ್ತೊಂಬತ್ತನೆಯ ಶತಮಾನದಲ್ಲಿ ಒಮಾನಿ ಸುಲ್ತಾನರ ಆಳ್ವಿಕೆಯಲ್ಲಿದ್ದ ಜಾಂಜಿಬಾರ್, ಲವಂಗ, ದಂತ ಮತ್ತು ಗುಲಾಮರ ವ್ಯಾಪಾರಕ್ಕೆ ಹೆಸರಾಗಿತ್ತು. ಆಫ್ರಿಕದ ಒಳನಾಡಿನಿಂದ ಹಿಡಿದು ತಂದವರನ್ನು ಇಲ್ಲಿನ ಸಂತೆಯಲ್ಲಿ ಬಹಿರಂಗವಾಗಿಯೇ ಮಾರಲಾಗುತ್ತಿತ್ತು. ಬ್ರಿಟಿಷರ ಒತ್ತಡಕ್ಕೆ ಮಣಿದ ಸುಲ್ತಾನ್ ಬರ್ಘಾಶ್ 1873ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದನು. ಸಂತೆ ಮುಚ್ಚಿತು, ಸಮುದ್ರ ಮಾರ್ಗದ ಸಾಗಣೆಗೆ ನಿಷೇಧ ಬಿತ್ತು.

ಆದರೆ ಲವಂಗದ ತೋಟಗಳಿಗೂ ಅರಬ್ ನಾಡುಗಳಿಗೂ ಗುಲಾಮರು ಬೇಕೇ ಆಗಿದ್ದರು. ವ್ಯಾಪಾರ ನಿಲ್ಲಲಿಲ್ಲ, ಕಳ್ಳದಾರಿ ಹಿಡಿಯಿತು. ಬ್ರಿಟಿಷ್ ನೌಕಾಪಡೆಯ ಕಣ್ಣು ತಪ್ಪಿಸಿ, ಹಾಯಿಹಡಗು ಬರುವ ತನಕ ಜನರನ್ನು ಅಡಗಿಸಿಡಲು ಬಳಕೆಯಾದದ್ದು ಮಂಗಾಪ್ವಾನಿಯ ಈ ನೆಲಮಾಳಿಗೆ. ಅಂದರೆ ಇದು ಗುಲಾಮ ವ್ಯಾಪಾರ ಕಾನೂನುಬದ್ಧವಾಗಿದ್ದ ಕಾಲದ ಕುರುಹಲ್ಲ, ಕಾನೂನು ಅದನ್ನು ನಿಷೇಧಿಸಿದ ನಂತರದ್ದು. ದ್ವೀಪದಲ್ಲಿ ಗುಲಾಮಗಿರಿಯ ಕಾನೂನು ಮಾನ್ಯತೆ ರದ್ದಾದದ್ದು 1897ರಲ್ಲಿ, ಒಪ್ಪಂದವಾಗಿ 24 ವರ್ಷಗಳ ಬಳಿಕ.

ಕರ್ನಾಟಕದ ನಂಟು

ಹಿಂದೂ ಮಹಾಸಾಗರದ ಗುಲಾಮ ವ್ಯಾಪಾರದ ನೆನಪು ಕನ್ನಡ ನಾಡಿಗೂ ಹೊಸದಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಜನಾಂಗದ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ಬಂದವರು. ಅವರು ಬಂದದ್ದು ಮಂಗಾಪ್ವಾನಿಯ ಕೋಣೆಗಳಿಗಿಂತ ಬಹು ಹಿಂದೆ. ಆದರೂ ಅವರನ್ನು ಹೊತ್ತು ತಂದದ್ದು ಇದೇ ಕಡಲು.

ಹೋಗುವುದು ಹೇಗೆ?

ದ್ವೀಪದ ಮುಖ್ಯ ಪಟ್ಟಣ ಸ್ಟೋನ್ ಟೌನ್‌ನಿಂದ ಮಂಗಾಪ್ವಾನಿ ಉತ್ತರಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿದೆ. ಬಾಡಿಗೆ ಕಾರು ಅಥವಾ 'ದಾಲಾ ದಾಲಾ' ಎಂಬ ಸ್ಥಳೀಯ ವ್ಯಾನ್‌ಗಳಲ್ಲಿ ತಲುಪಬಹುದು. ದಾರಿಯಲ್ಲಿ ಬರ್ಘಾಶ್ ಕಟ್ಟಿಸಿದ ಮರುಹುಬಿ ಅರಮನೆಯ ಅವಶೇಷಗಳೂ ಸಿಗುತ್ತವೆ. ಮಾರ್ಚ್‌ನಿಂದ ಮೇವರೆಗೆ ಭಾರಿ ಮಳೆ. ಜೂನ್‌ನಿಂದ ಅಕ್ಟೋಬರ್ ಪ್ರಶಸ್ತ ಕಾಲ. ಮೆಟ್ಟಿಲುಗಳು ಜಾರುವುದರಿಂದ ಗಟ್ಟಿ ಪಾದರಕ್ಷೆ ಮತ್ತು ಟಾರ್ಚ್ ಜತೆಗಿರಲಿ. ಸಂಪ್ರದಾಯಸ್ಥ ಮುಸ್ಲಿಂ ಗ್ರಾಮವಾದ್ದರಿಂದ ಮೈಮುಚ್ಚುವ ಉಡುಪು ಧರಿಸುವುದು ಸೂಕ್ತ.

ಸ್ಟೋನ್ ಟೌನ್‌ನಲ್ಲಿ ಗುಲಾಮರ ಸಂತೆ ನಡೆಯುತ್ತಿದ್ದ ಜಾಗದಲ್ಲಿ ಇಂದು ಆಂಗ್ಲಿಕನ್ ಚರ್ಚ್ ನಿಂತಿದೆ. ಅದನ್ನು ಮೊದಲು ನೋಡಿ, ನಂತರ ಮಂಗಾಪ್ವಾನಿಗೆ ತೆರಳುವುದು ಒಳಿತು. ಸಂತೆಗೆ ಬೀಗ ಬಿದ್ದ ಮೇಲೆ ವ್ಯಾಪಾರ ಎಲ್ಲಿಗೆ ಹೋಯಿತೆಂಬುದಕ್ಕೆ ಆ ಎರಡು ಕೋಣೆಗಳೇ ಉತ್ತರ ಹೇಳುತ್ತವೆ.