ಟಿಕೆಟ್ ಇಲ್ಲದ ಪ್ರಯಾಣಿಕ: ನಮ್ಮ ಕಡೆ ಪ್ಲೇಗು ಬಂದ ಕಥೆ (ಭಾಗ 4)

ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ದಾಟಿ ಬೆಂಗಳೂರಿಗೆ ಹೋಗೋ ರೈಲು ಹಳಿ ನಿಮಗೆಲ್ಲಾ ಗೊತ್ತು. 125 ವರ್ಷದ ಹಿಂದೆ ಇದೇ ಹಾದಿಯಲ್ಲಿ ಒಂದು ರೋಗಾನೂ ಪ್ರಯಾಣ ಮಾಡಿತ್ತು.

1896ರಲ್ಲಿ ಮುಂಬೈಯ ಬಂದರಿನ ಹತ್ತಿರ, ಕಾಳಿನ ಗೋದಾಮುಗಳಿದ್ದ ಮಾಂಡವಿಯಲ್ಲಿ ಪ್ಲೇಗು ಕಾಣಿಸ್ತು. 1898ಕ್ಕೆ ಹುಬ್ಬಳ್ಳಿ-ಧಾರವಾಡಕ್ಕೆ ಬಂದಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ಆಗ ನಮ್ಮೂರು ಮೋಟೆಬೆನ್ನೂರೂ ಧಾರವಾಡ ಜಿಲ್ಲೆಯಲ್ಲೇ ಇತ್ತು.

ಸರ್ಕಾರ ಏನು ಮಾಡ್ತು? ರೈಲು ನಿಲ್ಲಿಸಿ ಮನುಷ್ಯರನ್ನ ತಪಾಸಣೆ ಮಾಡ್ತು. ಚೀಲದೊಳಗಿನ ಇಲಿಗೆ ಟಿಕೆಟ್ ಕೇಳೋರು ಯಾರು? ಬಿಕಾಂ ಓದೋ ನನಗೆ ಇಲ್ಲಿ ಮೊದಲು ಕಾಣೋದು ಸರಕಿನ ದಾರಿ: ಕಾಳು ಎಲ್ಲಿಗೋ ಇಲಿ ಅಲ್ಲಿಗೆ, ಇಲಿ ಎಲ್ಲಿಗೋ ಚಿಗಟ ಅಲ್ಲಿಗೆ.

ಈಗ ಮೈಯೊಳಗೆ ಏನಾಗ್ತದ ನೋಡ್ರಿ. ರೋಗದ ಇಲಿಯ ರಕ್ತ ಕುಡಿದ ಚಿಗಟದ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ದಾರಿಗೇ ಅಡ್ಡ ಕಟ್ತಾವ. ಎಷ್ಟು ಕುಡಿದರೂ ಹಸಿವು ಹೋಗಲ್ಲ. ಇಲಿ ಸತ್ತ ಮೇಲೆ ಅದು ಮನುಷ್ಯನ್ನ ಕಚ್ತದ, ಕಚ್ಚಿದಾಗ ಆ ಬ್ಯಾಕ್ಟೀರಿಯಾನ ಗಾಯದೊಳಗೆ ಕಕ್ತದ. ಅಲ್ಲಿಂದ ಅವು ತೊಡೆಸಂದು, ಕಂಕುಳಿನ ದುಗ್ಧಗ್ರಂಥಿಗೆ ಸೇರಿ ಗಡ್ಡೆ ಕಟ್ತಾವ. ಕೆಲವೇ ದಿನದಲ್ಲಿ ಜೋರು ಜ್ವರ. ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯ. ಶ್ವಾಸಕೋಶ ಮುಟ್ಟಿದರೆ ಮಾತ್ರ ಕೆಮ್ಮಿನಿಂದ ಮನುಷ್ಯನಿಂದ ಮನುಷ್ಯನಿಗೆ ಹತ್ತೋದು.

ಬ್ಯಾಕ್ಟೀರಿಯಾನ 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಕಂಡುಹಿಡಿದಿದ್ದ. ಚಿಗಟದ ಗುಟ್ಟು ಬಿಚ್ಚಿದ್ದು ಸೈಮಂಡ್, 1898ರಲ್ಲಿ, ಕರಾಚಿಯಲ್ಲಿ. ಆದ್ರೆ ಬಹಳ ಜನ ಅದನ್ನ ಕೂಡಲೇ ನಂಬಲಿಲ್ಲ. ನಮ್ಮ ಹಳ್ಳಿ ಮಂದಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಆದ್ರೂ ಮನೆಯಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲದಾಗ ಗುಡಿಸಲು ಹಾಕ್ಕೊಂತಿದ್ರು. ಚಿಗಟದಿಂದ ದೂರ ಹೋದಂಗಾಯ್ತಲ್ಲ, ಅದೇ ಎಷ್ಟೋ ಜೀವ ಉಳಿಸ್ತು.

ಇನ್ನೊಂದು ದಾರಿ ಲಸಿಕೆ. ಹಾಫ್‌ಕಿನ್ ತಾನು ತಯಾರಿಸಿದ ಲಸಿಕೆಯನ್ನ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನ ಹಾಕಿಸಿಕೊಂಡ್ರು.

ಬಲವಂತ ಮಾಡಿದ ಕಡೆ ಏನಾಯ್ತು ಗೊತ್ತಾ? ಪುಣೆಯಲ್ಲಿ ಸೈನಿಕರು ಮನೆಮನೆ ನುಗ್ಗಿದ್ರು. ಜನ ಸಿಟ್ಟಿಗೆದ್ದರು. 1897ರ ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡ್‌ಗೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ರು. ಆಸ್ಪತ್ರೆಗೆ ಎಳಕೊಂಡು ಹೋಗ್ತಾರಂತ ಹೆದರಿ ಮಂದಿ ರೋಗಿಗಳನ್ನ ಬಚ್ಚಿಡ್ತಿದ್ರು.

ಅದೇ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ 2020ರಲ್ಲಿ ಕೊರೊನಾಕ್ಕೂ ಬಂತು. ಆಗ ಬೆಂಗಳೂರು, ಮುಂಬೈಯಿಂದ ಊರಿಗೆ ಬಂದವರನ್ನ ನಾವು ಹೆಂಗ ನೋಡಿದ್ವಿ ಅಂತ ನೆನಪು ಮಾಡ್ಕೊಳ್ರಿ. ಕೊರೊನಾ ಮನುಷ್ಯರಿಂದಲೇ ಹರಡ್ತಿತ್ತು, ದೂರ ಇರೋದು ಸರಿ. ಕಳ್ಳರಂಗ ನೋಡಿದ್ದು ಸರಿಯಲ್ಲ. ಅವಮಾನಕ್ಕೆ ಹೆದರಿದವನು ಜ್ವರ ಮುಚ್ಚಿಡ್ತಾನ, ಮುಚ್ಚಿಟ್ಟ ಜ್ವರ ಮನೆಮಂದಿಗೆಲ್ಲ ಹತ್ತತದ.

ಇವತ್ತು ಮನೆಯಲ್ಲಿ ಅಜ್ಜ-ಅಜ್ಜಿ ಇದ್ರೆ ಕೇಳ್ರಿ: ಪ್ಲೇಗಿಗೆ ಹೆದರಿ ನಮ್ಮ ಹಿರಿಯರು ಯಾವ ಹೊಲದಾಗ ಇದ್ರು ಅಂತ. ಉತ್ತರ ಸಿಕ್ಕರೆ ಕೆಳಗೆ ಬರೀರಿ.